ಬಿಗ್ ಬ್ಯಾಂಡ್ ಕಾಲದ ಸಹಿಗಳು: ಕೊಳ್ಳುವ ಮುನ್ನ ಪರೀಕ್ಷೆ, ಕೊಂಡ ಮೇಲೆ ಜೋಪಾನ

ಅಮೆರಿಕದ ಜಾಝ್ ನೃತ್ಯಸಂಗೀತದ ದೊಡ್ಡ ತಂಡ, ಅಂದರೆ ಬಿಗ್ ಬ್ಯಾಂಡಿನ ನಾಯಕ ಗ್ಲೆನ್ ಮಿಲ್ಲರ್ 1944ರ ಡಿಸೆಂಬರ್ 15ರಂದು ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ವಿಮಾನದ ಸಮೇತ ಕಣ್ಮರೆಯಾದರು. ಅಮೆರಿಕದ ಅಂಗಡಿಗೆ ಬಾಲ್‌ಪೆನ್ ಬಂದದ್ದು 1945ರ ಅಕ್ಟೋಬರ್ 29ರಂದು, ನ್ಯೂಯಾರ್ಕಿನ ಗಿಂಬೆಲ್ಸ್‌ನಲ್ಲಿ. ಬೆಲೆ ಹನ್ನೆರಡೂವರೆ ಡಾಲರ್. ಈ ಎರಡು ತಾರೀಕುಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಬಾಲ್‌ಪೆನ್ನಿನಲ್ಲಿರುವ ಮಿಲ್ಲರ್ ಸಹಿಯನ್ನು ಅಕ್ಷರ ನೋಡುವ ಮೊದಲೇ ಪಕ್ಕಕ್ಕಿಡಬಹುದು. ಅಮೆರಿಕದ ಹೊರಗೆ ಅಂಥ ಪೆನ್ನು ಅದಕ್ಕೂ ಸ್ವಲ್ಪ ಮೊದಲೇ ಇತ್ತಲ್ಲ ಎಂದು ವಾದಿಸುವ ಮಾರಾಟಗಾರರಿದ್ದಾರೆ. ಇದ್ದದ್ದು ನಿಜ. ಆದರೆ ಅದು ಮಿಲ್ಲರ್ ಕೈಗೆ ಬಂದಿತ್ತು ಎಂದು ತೋರಿಸುವ ಹೊಣೆ ಅವರದು.

ಸಹಿ ಸಂಗ್ರಹಕ್ಕೆ ಇಳಿಯುವವರು ಸಾಮಾನ್ಯವಾಗಿ ಅಕ್ಷರದ ಸುಳಿ, ವಾಲು ಕಲಿಯಲು ಹೊರಡುತ್ತಾರೆ. ಬಿಗ್ ಬ್ಯಾಂಡ್ ವಿಷಯದಲ್ಲಿ ಮೊದಲು ಕಲಿಯಬೇಕಾದದ್ದು ಕಾಲಾನುಕ್ರಮ. ಯಾರು ಯಾವಾಗ ಯಾವ ಬ್ಯಾಂಡಿನಲ್ಲಿದ್ದರು, ಯಾವಾಗ ತೀರಿಕೊಂಡರು, ಆ ಪೆನ್ನು, ಆ ಕಾಗದ, ಆ ರೆಕಾರ್ಡು ಯಾವಾಗ ಬಂತು ಎಂಬುದು ಬಾಯಿಗೆ ಬರುವಂತಿದ್ದರೆ ನಕಲಿಗಳಲ್ಲಿ ದೊಡ್ಡ ಪಾಲು ಮೊದಲ ಐದು ನಿಮಿಷದಲ್ಲೇ ಉದುರಿಹೋಗುತ್ತದೆ. ಅಕ್ಷರದ ಪರೀಕ್ಷೆ ಆಮೇಲಿನ ಕೆಲಸ.

ಈ ಬರಹದಲ್ಲಿ ಬಿಗ್ ಬ್ಯಾಂಡ್ ಕಾಲ ಎಂದರೆ ಸುಮಾರು 1935ರಿಂದ 1946ರವರೆಗೆ. 1935ರ ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೊಮಾರ್ ಬಾಲ್‌ರೂಮಿನಲ್ಲಿ ಬೆನ್ನಿ ಗುಡ್‌ಮನ್ ಬ್ಯಾಂಡಿಗೆ ಯುವಜನ ಮುಗಿಬಿದ್ದ ರಾತ್ರಿಯಿಂದ, ಯುದ್ಧ ಮುಗಿದು ಬ್ಯಾಂಡುಗಳು ಒಂದೊಂದಾಗಿ ಮುಚ್ಚಿದ ಹೊತ್ತಿನವರೆಗೆ. ಆ ಕಾಲದ ನಾಯಕರಲ್ಲಿ ಹಲವರು ಆಮೇಲೂ ದಶಕಗಟ್ಟಲೆ ಬದುಕಿ, ನುಡಿಸಿ, ಸಹಿ ಹಾಕಿದರು. ಹಾಗಾಗಿ "1938ರ ಗುಡ್‌ಮನ್ ಸಹಿ" ಮತ್ತು "1978ರ ಗುಡ್‌ಮನ್ ಸಹಿ" ಎರಡೂ ಅಸಲಿ ಇರಬಹುದು, ಬೆಲೆ ಮಾತ್ರ ಒಂದೇ ಅಲ್ಲ.

ಮೊದಲು ಬರೆದಿಡಬೇಕಾದ ತಾರೀಕುಗಳು

ಒಂದು ನೋಟ್‌ಬುಕ್ ತೆಗೆದುಕೊಂಡು ಬರಹದ ಸಾಧನಗಳ ಪಟ್ಟಿಯಿಂದ ಶುರು ಮಾಡಿ. 1945ರ ಕೊನೆಯವರೆಗೆ ಫೌಂಟನ್ ಪೆನ್, ಅದ್ದಿ ಬರೆಯುವ ನಿಬ್ಬು, ಪೆನ್ಸಿಲ್. ಆಮೇಲೆ ಬಾಲ್‌ಪೆನ್. ಫೆಲ್ಟ್ ತುದಿಯ ಮಾರ್ಕರ್ ಅಮೆರಿಕದಲ್ಲಿ 1950ರ ದಶಕದ್ದು. ಇಂದು ಎಲ್ಲರ ಕೈಯಲ್ಲಿರುವ ಶಾರ್ಪಿ ಮಾರ್ಕರ್ 1964ರದ್ದು. ಬೆಳ್ಳಿ, ಬಂಗಾರದ ಬಣ್ಣದ ಪೇಂಟ್ ಪೆನ್ನುಗಳು ಇನ್ನೂ ತಡವಾಗಿ ಬಂದವು. ಬ್ಯಾಂಡ್ ನಾಯಕ ಟಾಮಿ ಡಾರ್ಸಿ 1956ರ ನವೆಂಬರ್ 26ರಂದು, ಅಣ್ಣ ಜಿಮ್ಮಿ ಡಾರ್ಸಿ 1957ರ ಜೂನ್ 12ರಂದು ತೀರಿಕೊಂಡರು. ಅವರಿಬ್ಬರ ಹೆಸರಿನ ಶಾರ್ಪಿ ಸಹಿ ಇರಲು ಸಾಧ್ಯವೇ ಇಲ್ಲ.

ಎರಡನೆಯ ಪಟ್ಟಿ ಬರಹ ಕೂತಿರುವ ವಸ್ತುವಿನದು. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ ರೆಕಾರ್ಡನ್ನು ಕೊಲಂಬಿಯಾ ಕಂಪನಿ ಹೊರತಂದದ್ದು 1948ರ ಜೂನ್‌ನಲ್ಲಿ. ಅದಕ್ಕೆ ಮೊದಲೇ ಹೋದವರ ಹೆಸರು ನೋಡಿ: ಚಿಕ್ ವೆಬ್ 1939ರ ಜೂನ್, ಚಾರ್ಲಿ ಕ್ರಿಶ್ಚಿಯನ್ 1942ರ ಮಾರ್ಚ್, ಬನ್ನಿ ಬೆರಿಗನ್ 1942ರ ಜೂನ್, ಎಲಿಂಗ್ಟನ್ ಬ್ಯಾಂಡಿನ ಬಾಸ್ ವಾದಕ ಜಿಮ್ಮಿ ಬ್ಲಾಂಟನ್ 1942ರ ಜುಲೈ, ಮಿಲ್ಲರ್ 1944, ಜಿಮ್ಮಿ ಲನ್ಸ್‌ಫರ್ಡ್ 1947ರ ಜುಲೈ. ಇವರಲ್ಲಿ ಯಾರೂ ಎಲ್‌ಪಿ ಹೊದಿಕೆಯ ಮೇಲೆ ಸಹಿ ಹಾಕಿಲ್ಲ. ಆದರೂ ಅಂಥವು ಹರಾಜಿಗೆ ಬರುತ್ತಲೇ ಇರುತ್ತವೆ, ಅಭಿಮಾನದ ಭರದಲ್ಲಿ ಕೊಳ್ಳುವವರೂ ಸಿಗುತ್ತಾರೆ.

ಫೋಟೊ ಕಾಗದಕ್ಕೂ ಇದೇ ಲೆಕ್ಕ. ಪ್ಲಾಸ್ಟಿಕ್ ಲೇಪವಿರುವ ಆರ್‌ಸಿ ಕಾಗದ ಬಳಕೆಗೆ ಬಂದದ್ದು 1960ರ ದಶಕದ ಕೊನೆ, 1970ರ ದಶಕದಲ್ಲಿ. ಅದರ ಬೆನ್ನು ಮುಟ್ಟಿದರೆ ನುಣುಪು, ಬಾಗಿಸಿದರೆ ಪ್ಲಾಸ್ಟಿಕ್ ಹಾಳೆಯಂತೆ ಮರಳುತ್ತದೆ. 1930-40ರ ದಶಕದ ಫೋಟೊಗಳು ನಾರು ಕಾಗದದ ಮೇಲಿನವು: ಬೆನ್ನು ಕಾಗದದಂತೆಯೇ ಇರುತ್ತದೆ, ಅಂಚು ಒಳಕ್ಕೆ ಸುರುಳುತ್ತದೆ, ಕಪ್ಪು ಭಾಗಗಳನ್ನು ಓರೆ ಬೆಳಕಿನಲ್ಲಿ ನೋಡಿದರೆ ಅಂಚಿನುದ್ದಕ್ಕೂ ಬೆಳ್ಳಿಯ ಹೊಳಪು ಮೇಲೆದ್ದಿರುವುದು ಹಲವು ಸಲ ಕಾಣುತ್ತದೆ. ಆ ಹೊಳಪನ್ನು ದೋಷವೆಂದು ಒರೆಸಲು ಹೋಗಬೇಡಿ. ಅದು ವಯಸ್ಸಿನ ಒಳ್ಳೆಯ ಗುರುತು.

ಯಾರು ಯಾವಾಗ ಎಲ್ಲಿದ್ದರು

ಈ ಹವ್ಯಾಸದ ನಿಜವಾದ ರುಚಿ ಇರುವುದು ಇಲ್ಲಿ. ಬಿಗ್ ಬ್ಯಾಂಡ್ ಎಂದರೆ ಹದಿನೈದು ಹದಿನಾರು ಜನರ ತಂಡ, ಮತ್ತು ಅವರು ಒಂದೆಡೆ ನಿಲ್ಲುತ್ತಿರಲಿಲ್ಲ. ಈ ಓಡಾಟವೇ ನಮ್ಮ ಕೈಗೆ ಗಡಿಯಾರ ಕೊಡುತ್ತದೆ.

ಟ್ರಂಪೆಟ್ ವಾದಕ ಹ್ಯಾರಿ ಜೇಮ್ಸ್ ಗುಡ್‌ಮನ್ ಬ್ಯಾಂಡಿಗೆ ಸೇರಿದ್ದು 1937ರ ಜನವರಿಯಲ್ಲಿ. ಡ್ರಮ್ಮರ್ ಜೀನ್ ಕ್ರೂಪಾ ಬಿಟ್ಟದ್ದು 1938ರ ಮಾರ್ಚ್‌ನಲ್ಲಿ, ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಗುಡ್‌ಮನ್ ಬ್ಯಾಂಡಿನ ಕಛೇರಿ ನಡೆದ ಕೆಲವೇ ವಾರಗಳ ನಂತರ. ಆದ್ದರಿಂದ ಆಲ್ಬಮ್ಮಿನ ಒಂದೇ ಹಾಳೆಯಲ್ಲಿ ಗುಡ್‌ಮನ್, ಜೇಮ್ಸ್, ಕ್ರೂಪಾ ಮೂವರೂ ಬ್ಯಾಂಡಿನ ಸದಸ್ಯರಾಗಿ ಒಂದೇ ಸಂಜೆ ಸಹಿ ಹಾಕಿದ್ದರೆ ಆ ಸಂಜೆ ಈ ಹದಿನಾಲ್ಕು ಹದಿನೈದು ತಿಂಗಳೊಳಗಿನದು. ಹಾಳೆಯ ಮೂಲೆಯಲ್ಲಿ "1939" ಎಂದು ಬರೆದಿದ್ದರೆ ಪ್ರಶ್ನೆ ಕೇಳಬೇಕು. ಹಾಗೆಂದು ಕೂಡಲೇ ನಕಲಿ ಎನ್ನಬೇಕಾಗಿಲ್ಲ; ಒಂದೇ ಪುಟಕ್ಕೆ ಬೇರೆ ಬೇರೆ ವರ್ಷಗಳಲ್ಲಿ ಸಹಿ ಹಾಕಿಸಿಕೊಂಡ ಅಭಿಮಾನಿಗಳಿದ್ದರು. ಆಗ ಶಾಯಿಯ ಬಣ್ಣ, ನಿಬ್ಬಿನ ದಪ್ಪ ಬೇರೆ ಬೇರೆ ಇರಬೇಕು.

ಫ್ರಾಂಕ್ ಸಿನಾಟ್ರಾ 1939ರ ಬೇಸಿಗೆಯಿಂದ ವರ್ಷದ ಕೊನೆಯವರೆಗೆ ಹ್ಯಾರಿ ಜೇಮ್ಸ್ ಜೊತೆ, 1940ರ ಆರಂಭದಿಂದ 1942ರ ಸೆಪ್ಟೆಂಬರ್‌ವರೆಗೆ ಟಾಮಿ ಡಾರ್ಸಿ ಜೊತೆ ಹಾಡಿದರು. ಡಾರ್ಸಿ, ಸಿನಾಟ್ರಾ, ಬಡ್ಡಿ ರಿಚ್, ಜೋ ಸ್ಟಾಫರ್ಡ್ ಒಟ್ಟಿಗಿರುವ ಹಾಳೆ ಆ ಎರಡೂವರೆ ವರ್ಷದ್ದು. ಬಿಲ್ಲಿ ಹಾಲಿಡೇ 1937ರಿಂದ 1938ರ ಆರಂಭದವರೆಗೆ ಕೌಂಟ್ ಬೇಸಿ ಜೊತೆ, ಆಮೇಲೆ ಅದೇ 1938ರಲ್ಲಿ ಆರ್ಟಿ ಶಾ ಜೊತೆ ಇದ್ದರು. ಡಿಝಿ ಗಿಲೆಸ್ಪಿ 1939ರಿಂದ 1941ರವರೆಗೆ ಕ್ಯಾಬ್ ಕ್ಯಾಲೊವೇ ಬ್ಯಾಂಡಿನ ಟ್ರಂಪೆಟ್ ಸಾಲಿನಲ್ಲಿದ್ದರು. ಆರ್ಟಿ ಶಾ 1939ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಹೋಟೆಲ್ ಪೆನ್ಸಿಲ್ವೇನಿಯಾದಲ್ಲಿ ಬ್ಯಾಂಡನ್ನು ಹಾಗೇ ಬಿಟ್ಟು ಮೆಕ್ಸಿಕೊಗೆ ಹೊರಟುಹೋದರು; ಅದೇ ಡಿಸೆಂಬರ್ ತಾರೀಕು ಹಾಕಿ ಅದೇ ಹೋಟೆಲಿನ ಮೆನು ಮೇಲೆ ಶಾ ಸಹಿ ಸಿಕ್ಕರೆ ಅನುಮಾನ ಸಹಜ.

ಇಂಥ ತಾಳೆಗೆ ಬೇಕಾದ ಹೆಚ್ಚಿನ ಮಾಹಿತಿ ಪುಕ್ಕಟೆ ಸಿಗುತ್ತದೆ. ರೆಕಾರ್ಡಿಂಗ್ ತಾರೀಕು, ಮ್ಯಾಟ್ರಿಕ್ಸ್ ಸಂಖ್ಯೆ (ಪ್ರತಿ ಧ್ವನಿಮುದ್ರಣಕ್ಕೆ ಕಂಪನಿ ಕೊಟ್ಟ ಗುರುತಿನ ಸಂಖ್ಯೆ), ಅಂದು ನುಡಿಸಿದವರ ಹೆಸರಿಗೆ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರ ಅಮೆರಿಕನ್ ಧ್ವನಿಮುದ್ರಣಗಳ ಆನ್‌ಲೈನ್ ಸೂಚಿ ಇದೆ. ಬ್ಯಾಂಡು ಆ ವಾರ ಯಾವ ಊರಲ್ಲಿತ್ತು ಎಂಬುದಕ್ಕೆ ಹಳೆಯ ಬಿಲ್‌ಬೋರ್ಡ್, ಡೌನ್ ಬೀಟ್ ಸಂಚಿಕೆಗಳ ಸ್ಕ್ಯಾನ್‌ಗಳು, ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೆಯ ಪತ್ರಿಕೆಗಳ ಸಂಗ್ರಹ. ಬೋಲ್ಡರ್‌ನ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಗ್ಲೆನ್ ಮಿಲ್ಲರ್ ಆರ್ಕೈವ್, ನ್ಯೂಜೆರ್ಸಿಯ ನ್ಯೂವಾರ್ಕಿನಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಜಾಝ್ ಅಧ್ಯಯನ ಸಂಸ್ಥೆ, ಯೇಲ್‌ನಲ್ಲಿ ಗುಡ್‌ಮನ್ ಕಾಗದಪತ್ರ, ಸ್ಮಿತ್ಸೋನಿಯನ್‌ನಲ್ಲಿ ಎಲಿಂಗ್ಟನ್ ಸಂಗ್ರಹ ಇವೆ. ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗರಿಗಂತೂ ನ್ಯೂವಾರ್ಕ್ ಮನೆ ಬಾಗಿಲಲ್ಲೇ ಇದೆ. ಮೊದಲೇ ಬರೆದು ಸಮಯ ಕೇಳಿಕೊಂಡು ಹೋಗಬೇಕು.

ಏನನ್ನು ಕೊಳ್ಳಬೇಕು

ಹೊಸಬರ ಕಣ್ಣು ಹೋಗುವುದು 8×10 ಇಂಚಿನ ಹೊಳಪಿನ ಪ್ರಚಾರ ಫೋಟೊ ಮೇಲೆ. ಅತಿ ಹೆಚ್ಚು ಎಚ್ಚರ ಬೇಕಾದದ್ದೂ ಅಲ್ಲೇ. ಅಭಿಮಾನಿಗಳ ಪತ್ರಕ್ಕೆ ಉತ್ತರವಾಗಿ ಅಂಚೆಯಲ್ಲಿ ಹೋಗುತ್ತಿದ್ದ ಫೋಟೊಗಳಿಗೆ ಕಚೇರಿಯ ಕಾರ್ಯದರ್ಶಿಯೋ ಬ್ಯಾಂಡಿನ ಸಹಾಯಕನೋ ಸಹಿ ಹಾಕುವುದು ಆಗ ರೂಢಿ. ಕಾಗದ ಅಸಲಿ, ಶಾಯಿ ಅಸಲಿ, ಕಾಲವೂ ಸರಿ, ಕೈ ಮಾತ್ರ ಬೇರೆಯವರದು. ಇಂಥದನ್ನು ಅಲ್ಟ್ರಾವಯೊಲೆಟ್ ದೀಪವಾಗಲಿ ಭೂತಗನ್ನಡಿಯಾಗಲಿ ಹಿಡಿಯಲಾರವು. ಅಕ್ಷರದ ಹೋಲಿಕೆಯೊಂದೇ ದಾರಿ. ಇನ್ನು ಕೆಲವು ಫೋಟೊಗಳಲ್ಲಿ ಶುಭಾಶಯ ಮತ್ತು ಸಹಿ ನೆಗೆಟಿವ್‌ನಲ್ಲೇ ಬರೆದು ಮುದ್ರಿಸಿದವು. ಬಿಳಿ ಅಕ್ಷರವಿದ್ದರೆ ಹತ್ತು ಪಟ್ಟು ಹಿಗ್ಗಿಸಿ ನೋಡಿ: ಶಾಯಿಯ ಪದರವಿಲ್ಲದೆ ಫೋಟೊ ಕಾಗದದ ಬಿಳುಪೇ ಅಕ್ಷರವಾಗಿ ಕಂಡರೆ ಅದು ಅಚ್ಚು.

ನಮ್ಮ ಆಯ್ಕೆ ಈ ಕ್ರಮದಲ್ಲಿ ಬರುತ್ತದೆ. ಮೊದಲನೆಯದು ಬ್ಯಾಂಕಿನಿಂದ ಹಾದು ಬಂದ ಚೆಕ್. ಆ ಕಾಲದಲ್ಲಿ ಅಮೆರಿಕದ ಬ್ಯಾಂಕುಗಳು ನಗದಾದ ಚೆಕ್ಕನ್ನು ಖಾತೆದಾರನಿಗೇ ಮರಳಿಸುತ್ತಿದ್ದವು, ಹಾಗಾಗಿ ಅವು ಮನೆಯ ಪೆಟ್ಟಿಗೆಗಳಲ್ಲಿ ಉಳಿದವು. ತಾರೀಕು, ಮೊತ್ತ, ಪಡೆದವರ ಹೆಸರು, ಹಿಂಬದಿಯ ಹಿಂಬರಹ, ಬ್ಯಾಂಕಿನ ಮುದ್ರೆ, ರದ್ದತಿಯ ರಂಧ್ರಗಳು ಒಂದಕ್ಕೊಂದು ಸಾಕ್ಷಿಯಾಗುತ್ತವೆ. ಮುದ್ರೆಯ ಶಾಯಿ ಸಹಿಯ ಮೇಲೆ ಹಾದುಹೋಗಿದ್ದರೆ ಇನ್ನೂ ಒಳ್ಳೆಯದು. ರಂಧ್ರ ಸಹಿಯನ್ನೇ ತೂರಿದ್ದರೆ ಬೆಲೆ ಇಳಿಯುತ್ತದೆ, ನಂಬಿಕೆ ಇಳಿಯುವುದಿಲ್ಲ. ಚೆಕ್, ಒಪ್ಪಂದ, ಸೇನಾ ಕಾಗದಗಳಲ್ಲಿ ವೇದಿಕೆಯ ಹೆಸರಿನ ಬದಲು ದಾಖಲೆಯ ಹೆಸರು ಬರಬಹುದು: ಕೌಂಟ್ ಬೇಸಿ ವಿಲಿಯಂ ಜೇಮ್ಸ್ ಬೇಸಿ, ಡ್ಯೂಕ್ ಎಲಿಂಗ್ಟನ್ ಎಡ್ವರ್ಡ್ ಕೆನಡಿ ಎಲಿಂಗ್ಟನ್, ಮಿಲ್ಲರ್ ಆಲ್ಟನ್ ಗ್ಲೆನ್ ಮಿಲ್ಲರ್. ಇದನ್ನು ತಿಳಿಯದೆ ಒಳ್ಳೆಯ ಕಾಗದವನ್ನು ಕೈಬಿಡುವವರಿದ್ದಾರೆ.

ಎರಡನೆಯದು ಅಭಿಮಾನಿಯ ಆಟೊಗ್ರಾಫ್ ಆಲ್ಬಮ್ಮಿನ ಹಾಳೆ. ತಿಳಿ ಗುಲಾಬಿ, ಹಸಿರು, ಹಳದಿ ಬಣ್ಣದ ಅಂಗೈಯಗಲದ ಹಾಳೆಗಳು. ನೃತ್ಯದ ಬಿಡುವಿನಲ್ಲಿ ವೇದಿಕೆಯ ಅಂಚಿಗೆ ಬಂದು ಹಾಕಿಸಿಕೊಂಡ ಇವುಗಳಲ್ಲಿ ಪೆನ್ಸಿಲ್ ಸಹಿ ಬಹಳ. ಪೆನ್ಸಿಲ್ ಎಂದು ಮೂಗು ಮುರಿಯಬೇಡಿ. ಗ್ರಾಫೈಟ್ ಬೆಳಕಿಗೆ ಮಾಸುವುದಿಲ್ಲ, ನೀಲಿ ಶಾಯಿ ಮಾಸುತ್ತದೆ. ಹಾಳೆಯ ಎರಡೂ ಬದಿ ಸಹಿಯಿದ್ದರೆ ಒಂದು ಬದಿಯ ಶಾಯಿ ಇನ್ನೊಂದಕ್ಕೆ ಇಳಿದಿದೆಯೇ ನೋಡಿ.

ಆಲ್ಬಮ್ ಹಾಳೆಯನ್ನು ಹತ್ತಿರದಿಂದ ನೋಡುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹತ್ತು ಪಟ್ಟು ಹಿಗ್ಗಿಸುವ ಲೂಪ್ (ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ), ಒಂದು ಬದಿಯಿಂದ ಮಲಗಿಸಿ ಹಿಡಿದ ಟಾರ್ಚು, ಇಷ್ಟೇ ಸಲಕರಣೆ. ಫೌಂಟನ್ ಪೆನ್ನಿನ ಗೆರೆ ಒಂದೇ ದಪ್ಪವಿರುವುದಿಲ್ಲ: ಕೆಳಗೆಳೆದಾಗ ಅಗಲ, ಮೇಲೆಳೆದಾಗ ಸಣ್ಣ, ತಿರುವಿನಲ್ಲಿ ಮತ್ತು ಗೆರೆ ಮುಗಿಯುವಲ್ಲಿ ಶಾಯಿ ನಿಂತು ಗಾಢ. ಹೀರುವ ಕಾಗದದಲ್ಲಿ ಅಂಚು ಕಾಗದದ ನಾರಿನುದ್ದಕ್ಕೆ ಸಣ್ಣಗೆ ಹರಡಿರುತ್ತದೆ. ದಿನಕ್ಕೆ ನೂರು ಸಹಿ ಹಾಕುವ ಕೈ ಓಡುತ್ತದೆ, ಆದ್ದರಿಂದ ಗೆರೆಯ ಆರಂಭ ಮತ್ತು ಕೊನೆ ಚೂಪಾಗಿ ತೆಳುವಾಗುತ್ತವೆ. ನಕಲು ಮಾಡುವ ಕೈ ಬರೆಯುವುದಿಲ್ಲ, ಚಿತ್ರಿಸುತ್ತದೆ: ತುದಿ ಮೊಂಡು, ಗೆರೆಯ ಮಧ್ಯೆ ಸಣ್ಣ ನಡುಕ, ಎತ್ತಬಾರದಲ್ಲಿ ಪೆನ್ನು ಎತ್ತಿ ಮತ್ತೆ ಊರಿದ ಗುರುತು. ಕಬ್ಬಿಣದಂಶದ ಹಳೆಯ ನೀಲಿ-ಕಪ್ಪು ಶಾಯಿ ಕಂದಿಗೆ ತಿರುಗಿ, ಕೆಲವೊಮ್ಮೆ ಕಾಗದದಲ್ಲಿ ತೆಳು ಕಂದು ನೆರಳು ಬಿಡುತ್ತದೆ. ಇಡೀ ಬ್ಯಾಂಡಿನ ಸಹಿಯಿರುವ ಹಾಳೆಯಲ್ಲಿ ಇನ್ನೊಂದು ಕೆಲಸವಿದೆ. ಎಲ್ಲ ಹೆಸರುಗಳ ಇಂಗ್ಲಿಷ್ ಸಣ್ಣ "ಇ", "ಆರ್", ದೊಡ್ಡ "ಜೆ" ಅಕ್ಷರಗಳನ್ನು ಸಾಲಾಗಿ ಹೋಲಿಸಿ. ಹನ್ನೆರಡು ಜನರ ಸಹಿಯಲ್ಲಿ ವಾಲು, ಒತ್ತು, ಅಕ್ಷರದೆತ್ತರ ಒಂದೇ ಆಗಿದ್ದರೆ ಅದು ಒಬ್ಬನೇ ಕೂತು ಬರೆದ ಪಟ್ಟಿ.

365 ನ್ಯಾನೊಮೀಟರ್ ಅಲ್ಟ್ರಾವಯೊಲೆಟ್ ಟಾರ್ಚನ್ನು ಕತ್ತಲಲ್ಲಿ ಹಿಡಿದಾಗ ಕಾಗದ ಉಜ್ವಲ ನೀಲಿ-ಬಿಳಿಯಾಗಿ ಹೊಳೆದರೆ ಅದರಲ್ಲಿ ಹೊಳಪುಕಾರಕ ರಾಸಾಯನಿಕವಿದೆ. ಕಾಗದಕ್ಕೆ ಅದನ್ನು ಸೇರಿಸುವುದು ವ್ಯಾಪಕವಾದದ್ದು 1950ರ ದಶಕದಿಂದ ಈಚೆಗೆ. 1940ರ ಹಾಳೆ ಹಾಗೆ ಹೊಳೆಯಬಾರದು. ಆದರೆ ಹೊಳೆಯಲಿಲ್ಲ ಎಂದಾಕ್ಷಣ ಪಾಸಾಯಿತು ಎಂದುಕೊಳ್ಳಬೇಡಿ. ಹಳೆಯ ಪುಸ್ತಕಗಳ ಖಾಲಿ ಹಾಳೆ ಹರಿದು ಅದರ ಮೇಲೆ ಬರೆಯುವುದು ನಕಲಿಗಾರರ ಹಳೆಯ ವಿದ್ಯೆ. ಹಾಳೆಯ ಒಂದು ಅಂಚು ಹೊಸದಾಗಿ ಕತ್ತರಿಸಿದಂತಿದ್ದರೆ ಅನುಮಾನಿಸಿ. ಶಾಯಿ ಕಾಗದದ ಬಿರುಕು ಅಥವಾ ಮಡಿಕೆಯೊಳಗೆ ಇಳಿದಿದ್ದರೆ ಮಡಿಕೆ ಮೊದಲು, ಸಹಿ ಆಮೇಲೆ ಎಂದರ್ಥ.

ಮೂರನೆಯದು ಕಾರ್ಯಕ್ರಮ ಪತ್ರಿಕೆ, ಹೋಟೆಲ್ ಮೆನು, ನೃತ್ಯಮಂದಿರದ ಫೋಟೊ ಫೋಲ್ಡರ್. ಹೋಟೆಲ್ ಪೆನ್ಸಿಲ್ವೇನಿಯಾದ ಕೆಫೆ ರೂಜ್, ನ್ಯೂ ರಾಶೆಲ್‌ನ ಗ್ಲೆನ್ ಐಲ್ಯಾಂಡ್ ಕಸೀನೊ, ನ್ಯೂಜೆರ್ಸಿಯ ಮೆಡೊಬ್ರೂಕ್, ಹಾರ್ಲೆಮ್‌ನ ಸವಾಯ್, 1940ರ ಅಕ್ಟೋಬರ್ 31ರಂದು ಡಾರ್ಸಿ ಬ್ಯಾಂಡಿನೊಂದಿಗೆ ತೆರೆದ ಹಾಲಿವುಡ್ ಪಲೇಡಿಯಂ, ಇವುಗಳ ಹೆಸರಿರುವ ಕಾಗದ ತಾನೇ ಒಂದು ದಾಖಲೆ. ಸಹಿ ನಕಲಿಯೆಂದು ತಿಳಿದರೂ ಕಾಗದಕ್ಕೆ ಬೆಲೆ ಉಳಿಯುತ್ತದೆ. ಒಪ್ಪಂದಪತ್ರಗಳ ವಿಷಯದಲ್ಲಿ ಒಂದು ಮಾತು: ಸಂಗೀತಗಾರರ ಒಕ್ಕೂಟದ ಅಚ್ಚು ನಮೂನೆಯಲ್ಲಿ ನಾಯಕನ ಹೆಸರು ಟೈಪಾಗಿದ್ದು, ಸಹಿ ಬುಕಿಂಗ್ ಏಜೆನ್ಸಿಯವರದ್ದಾಗಿರುವುದು ಮಾಮೂಲು. ಸಾಲನ್ನು ಪೂರ್ತಿ ಓದದೆ "ಎಲಿಂಗ್ಟನ್ ಒಪ್ಪಂದ" ಎಂದು ಹಣ ಕೊಡಬೇಡಿ.

78 ವೇಗದ ರೆಕಾರ್ಡಿನ ಲೇಬಲ್ ಮೇಲಿನ ಸಹಿ ನೋಡಲು ಚಂದ, ಪರೀಕ್ಷಿಸಲು ಕಷ್ಟ. ಕಪ್ಪು ಅಥವಾ ಗಾಢ ನೀಲಿ ಲೇಬಲ್ಲಿನ ಮೇಲೆ ಆಗಿನ ಶಾಯಿ ಕಾಣುತ್ತಲೇ ಇರಲಿಲ್ಲ. ಅಂಥ ಲೇಬಲ್ಲಿನಲ್ಲಿ ಬೆಳ್ಳಿಯಕ್ಷರದ ಸಹಿ ಹೊಳೆಯುತ್ತಿದ್ದರೆ ಅದು ದಶಕಗಳ ನಂತರ ಹಾಕಿದ್ದು. ಗುಡ್‌ಮನ್ 1986ರವರೆಗೆ, ಕ್ಯಾಲೊವೇ 1994ರವರೆಗೆ, ಲಯೊನೆಲ್ ಹ್ಯಾಂಪ್ಟನ್ 2002ರವರೆಗೆ, ಆರ್ಟಿ ಶಾ 2004ರವರೆಗೆ ಬದುಕಿದ್ದರು, ಆದ್ದರಿಂದ ಅವರ ಹೆಸರಿನಲ್ಲಿ ಅದು ಸಾಧ್ಯ. ಡಾರ್ಸಿ ಸಹೋದರರ ಹೆಸರಿನಲ್ಲಿ ಅಸಾಧ್ಯ.

ಹಣ ಕಡಿಮೆಯಿದ್ದರೆ ನಾಯಕರನ್ನು ಬಿಟ್ಟು ವಾದಕರ ಕಡೆ ಬನ್ನಿ. ಹಣವಿದ್ದರೂ ಬನ್ನಿ ಎಂದೇ ನಾವು ಹೇಳುತ್ತೇವೆ. ಬೇಸಿ ಬ್ಯಾಂಡಿನ ಗಿಟಾರಿಸ್ಟ್ ಫ್ರೆಡ್ಡಿ ಗ್ರೀನ್, ಟ್ರಂಪೆಟ್‌ನ ಬಕ್ ಕ್ಲೇಟನ್, ಹ್ಯಾರಿ ಎಡಿಸನ್, ಎಲಿಂಗ್ಟನ್ ಬ್ಯಾಂಡಿನ ಹ್ಯಾರಿ ಕಾರ್ನಿ, ಗುಡ್‌ಮನ್ ಬ್ಯಾಂಡಿನ ಜೆಸ್ ಸ್ಟೇಸಿ ಇಂಥವರ ಸಹಿಯನ್ನು ನಕಲು ಮಾಡಿದರೆ ಸಿಗುವ ಲಾಭ ಸಣ್ಣದು, ಅದಕ್ಕೇ ನಕಲಿಯೂ ವಿರಳ. ಒಂದು ನಿರ್ದಿಷ್ಟ ವರ್ಷದ ಬೇಸಿ ಬ್ಯಾಂಡನ್ನು ಒಬ್ಬೊಬ್ಬರಾಗಿ ಪೂರ್ತಿ ಮಾಡುವ ಸಂಗ್ರಹ, ಹತ್ತು ಪ್ರಸಿದ್ಧರ ಹತ್ತು ಫೋಟೊಗಿಂತ ಮೇಲು.

ಹೋಲಿಕೆಗೆ ಮಾದರಿ ಎಲ್ಲಿಂದ

ಮಾರಾಟದ ತಾಣದಲ್ಲಿರುವ ಸಹಿಯನ್ನು ಇನ್ನೊಂದು ಮಾರಾಟದ ತಾಣದ ಸಹಿಯೊಂದಿಗೆ ಹೋಲಿಸುವುದು ವ್ಯರ್ಥ; ಎರಡೂ ಒಂದೇ ನಕಲಿಗಾರನದ್ದಿರಬಹುದು. ಪ್ರತಿ ಹೆಸರಿಗೆ ಕನಿಷ್ಠ ಎಂಟು ಹತ್ತು ಮಾದರಿ, ಪ್ರತಿಯೊಂದಕ್ಕೂ ತಾರೀಕು, ಮೂಲ ಬರೆದ ಕಡತ ಮಾಡಿಕೊಳ್ಳಿ. ಆರ್ಕೈವುಗಳ ಪತ್ರ, ಚೆಕ್, ಒಪ್ಪಂದಗಳೇ ಆಧಾರ. ವಾದಕರಿಗೆ ಒಂದು ಅಮೂಲ್ಯ ಮೂಲವಿದೆ: 1940ರ ಅಕ್ಟೋಬರ್‌ನಿಂದ ಅಮೆರಿಕದಲ್ಲಿ ಯುವಕರು ತುಂಬಿಕೊಟ್ಟ ಸೇನಾ ನೋಂದಣಿ ಕಾರ್ಡು. ಅದರಲ್ಲಿ ನೋಂದಾಯಿಸಿಕೊಂಡವನ ಸಹಿಯೂ ಉದ್ಯೋಗದಾತನ ಹೆಸರಿನ ಅಂಕಣವೂ ಇವೆ. ಇವುಗಳ ಸ್ಕ್ಯಾನ್ ವಂಶಾವಳಿ ಜಾಲತಾಣಗಳಲ್ಲಿ ನೋಡಲು ಸಿಗುತ್ತದೆ. ತಾರೀಕು ಖಚಿತ, ಕೈ ಖಚಿತ. ಕಚೇರಿಯಲ್ಲಿ ಕೂತು ಹಾಕಿದ ಸಹಿಗೂ ನೃತ್ಯಮಂದಿರದ ಗದ್ದಲದಲ್ಲಿ ನಿಂತು ಗೀಚಿದ ಸಹಿಗೂ ವ್ಯತ್ಯಾಸವಿರುತ್ತದೆ. ಒಟ್ಟು ಆಕಾರಕ್ಕಿಂತ ಅಕ್ಷರಗಳ ಜೋಡಣೆ, ಪೆನ್ನು ಎತ್ತುವ ಜಾಗ, ಅಕ್ಷರಗಳ ನಡುವಿನ ಎತ್ತರದ ಅನುಪಾತ ನೋಡಿ.

ಇನ್ನೊಂದು ಗುಂಡಿ ಇದೆ, ಅದರಲ್ಲಿ ಮೋಸದ ಉದ್ದೇಶವೂ ಇರಬೇಕಿಲ್ಲ. ನಾಯಕ ಹೋದ ಮೇಲೂ ಅವನ ಹೆಸರಿನಲ್ಲಿ ಬ್ಯಾಂಡುಗಳು ನಡೆದವು. ಮಿಲ್ಲರ್ ಹೆಸರಿನ ಬ್ಯಾಂಡನ್ನು ಯುದ್ಧದ ನಂತರ ಟೆಕ್ಸ್ ಬೆನೆಕೆ, 1956ರಿಂದ ರೇ ಮೆಕಿನ್ಲಿ, 1966ರಿಂದ ಬಡ್ಡಿ ಡಿಫ್ರಾಂಕೊ ನಡೆಸಿದರು. ಎಲಿಂಗ್ಟನ್ 1974ರ ಮೇ 24ರಂದು ತೀರಿಕೊಂಡ ಮೇಲೆ ಮಗ ಮರ್ಸರ್ ಎಲಿಂಗ್ಟನ್ ಬ್ಯಾಂಡ್ ನಡೆಸಿದರು. 1958ರ "ಗ್ಲೆನ್ ಮಿಲ್ಲರ್ ಆರ್ಕೆಸ್ಟ್ರಾ" ಪತ್ರಿಕೆಯ ಮೇಲೆ ಮೆಕಿನ್ಲಿ ಹಾಕಿದ ಸಹಿ ಅಸಲಿಯೇ. ಅದನ್ನು ಮಿಲ್ಲರ್ ಬೆಲೆಗೆ ಕೊಳ್ಳಬಾರದು, ಅಷ್ಟೇ.

ಭಾರತದಲ್ಲೇ ಸಿಗಬಹುದಾದದ್ದು

ಅಮೆರಿಕದ ಪಿಯಾನಿಸ್ಟ್ ಟೆಡ್ಡಿ ವೆದರ್‌ಫರ್ಡ್ ಬಾಂಬೆಯ ತಾಜ್ ಹೋಟೆಲಿನಲ್ಲೂ ಆಮೇಲೆ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿನಲ್ಲೂ ಬ್ಯಾಂಡ್ ನಡೆಸಿ, 1945ರ ಏಪ್ರಿಲ್ 25ರಂದು ಕಲ್ಕತ್ತೆಯಲ್ಲೇ ಕಾಲರಾದಿಂದ ತೀರಿಕೊಂಡರು. ಅವರ ಕೊಲಂಬಿಯಾ 78 ರೆಕಾರ್ಡುಗಳು ಕಲ್ಕತ್ತೆ ಬಳಿಯ ಡಂಡಂನಲ್ಲಿ ಒತ್ತಿದವು, ಹಳೆಯ ರೆಕಾರ್ಡು ಮಾರುವವರ ರಾಶಿಯಲ್ಲಿ ಈಗಲೂ ಸಿಗುತ್ತವೆ. ಅವರ ಸಹಿ ಸಿಕ್ಕರೆ ಫೌಂಟನ್ ಪೆನ್ ಅಥವಾ ಪೆನ್ಸಿಲ್ಲಿನದ್ದೇ ಆಗಿರಬೇಕು. ತಾಜ್‌ನಲ್ಲಿ ನುಡಿಸಿದ ಗೋವಾದ ಚಿಕ್ ಚಾಕೊಲೇಟ್, ಮಿಕ್ಕಿ ಕೊರಿಯಾರಂಥವರ ಕಾಗದಗಳಿಗೂ ಇದೇ ಗಮನ ಸಲ್ಲಬೇಕು. ಅಮೆರಿಕದ ಮಾರುಕಟ್ಟೆಗೆ ಅವರ ಪರಿಚಯ ಕಡಿಮೆ, ನಮಗೆ ಅವರು ಹತ್ತಿರದವರು.

1963ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಪರವಾಗಿ ಎಲಿಂಗ್ಟನ್ ಬ್ಯಾಂಡ್ ದೆಹಲಿ, ಮದ್ರಾಸ್, ಬಾಂಬೆ ಮುಂತಾದೆಡೆ ಬಂದು ನುಡಿಸಿತು. ಜಾನಿ ಹಾಜಸ್, ಹ್ಯಾರಿ ಕಾರ್ನಿ, ಪಾಲ್ ಗೊನ್ಸಾಲ್ವೆಸ್, ಬಿಲ್ಲಿ ಸ್ಟ್ರೇಹಾರ್ನ್ ಆ ಪ್ರವಾಸದಲ್ಲಿದ್ದರು. ಟ್ರಂಪೆಟ್ ಮತ್ತು ಪಿಟೀಲಿನ ರೇ ನ್ಯಾನ್ಸ್ ಭಾರತಕ್ಕೆ ಬರುವ ಮೊದಲೇ ತಂಡದಿಂದ ಹೊರಟುಹೋಗಿದ್ದರು, ಆದ್ದರಿಂದ ಭಾರತದ ಕಾರ್ಯಕ್ರಮ ಪತ್ರಿಕೆಯ ಮೇಲೆ ಅವರ ಸಹಿ ಇದ್ದರೆ ನಿಲ್ಲಿಸಿ ಯೋಚಿಸಿ. ಬಾಲ್‌ಪೆನ್ ಇಲ್ಲಿ ತಪ್ಪಲ್ಲ.

ಕೊಳ್ಳುವ ಹೊತ್ತು

ಮಾರುವವರಿಂದ ನಾಲ್ಕು ಚಿತ್ರ ಕೇಳಿ: ಮುಂಭಾಗ, ಹಿಂಭಾಗ, ಬದಿಯ ಬೆಳಕಿನಲ್ಲಿ ಸಹಿ, ಮತ್ತು ಸಹಿಯೊಂದರದ್ದೇ ಹತ್ತಿರದ ಚಿತ್ರ. ಚೌಕಟ್ಟಿನೊಳಗೆ ಕೂತ ವಸ್ತುವನ್ನು ಹೊರತೆಗೆದು ತೋರಿಸಲು ಒಪ್ಪದಿದ್ದರೆ ಬಿಟ್ಟುಬಿಡಿ. ಕತ್ತರಿಸಿದ ಸಹಿಯನ್ನು ಫೋಟೊ ಕೆಳಗೆ ಕೂರಿಸಿ ಕಟ್ಟು ಹಾಕಿದಾಗ ಮುಚ್ಚಿಹೋಗುವುದು ಕಾಗದದ ಬೆನ್ನು, ಅಂದರೆ ಅರ್ಧ ಸಾಕ್ಷಿ. ಪ್ರಮಾಣಪತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಸಹಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪಿಎಸ್‌ಎ, ಜೆಎಸ್‌ಎ, ಬೆಕೆಟ್‌ನಂಥ ಕಂಪನಿಗಳ ಪತ್ರವಿದ್ದರೆ ಅದರ ಸಂಖ್ಯೆಯನ್ನು ಅವರ ತಾಣದಲ್ಲೇ ಹಾಕಿ ನೋಡಿ, ಅಲ್ಲಿ ಬರುವ ವಿವರ ನಿಮ್ಮ ವಸ್ತುವಿನದ್ದೇ ಎಂದು ಖಚಿತ ಮಾಡಿಕೊಳ್ಳಿ. ಚಿತ್ರ ನೋಡಿ ಕೊಟ್ಟ ತ್ವರಿತ ಅಭಿಪ್ರಾಯವನ್ನು ಪ್ರಮಾಣಪತ್ರ ಎಂದು ಮಾರುವುದುಂಟು. ಅಸಲಿಯಲ್ಲವೆಂದು ತಿಳಿದರೆ ಹಣ ವಾಪಸು ಎಂಬುದು ಬರಹದಲ್ಲಿರಲಿ, ಅವಧಿಯೂ ನಮೂದಾಗಿರಲಿ.

ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಹರಾಜುಮನೆಯ ಶುಲ್ಕ ಶೇ. 20ರಿಂದ 25, ಕೆಲವೆಡೆ ಇನ್ನೂ ಹೆಚ್ಚು ಸೇರುತ್ತದೆ. ಅಂಚೆ, ವಿಮೆ, ಭಾರತದ ಕಸ್ಟಮ್ಸ್ ಸುಂಕ ಬೇರೆ. ಎಲ್ಲ ಸೇರಿಸಿ ಕೊನೆಯ ಅಂಕಿ ಕಾಗದದಲ್ಲಿ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಕೂಗಿ. ಪಾರ್ಸೆಲ್ ಮೇಲೆ ವಸ್ತುವಿನ ನಿಜ ವಿವರ, ನಿಜ ಬೆಲೆ ಹಾಕಿಸಿ. ಕಡಿಮೆ ಬೆಲೆ ತೋರಿಸಿದರೆ ಕಳೆದುಹೋದಾಗ ವಿಮೆಯೂ ಅಷ್ಟೇ ಕೊಡುತ್ತದೆ. ಕಾಗದವನ್ನು ಎರಡು ಗಟ್ಟಿ ಹಲಗೆಗಳ ನಡುವೆ, 78 ರೆಕಾರ್ಡನ್ನು ಆಲ್ಬಮ್ ಕವಚದಿಂದ ಹೊರತೆಗೆದು ಬೇರೆಯಾಗಿ ಕಟ್ಟಲು ಹೇಳಿ.

ಮಳೆಗಾಲ ಮತ್ತು ಕಾಗದ

ಕಾಗದ, ಫೋಟೊಗಳಿಗೆ 18ರಿಂದ 21 ಡಿಗ್ರಿ ಉಷ್ಣತೆ, ಶೇ. 35ರಿಂದ 50ರ ತೇವಾಂಶ ಹಿತ. ಉಷ್ಣತೆ ನಮ್ಮ ಕೈಯಲ್ಲಿಲ್ಲದಿದ್ದರೂ ತೇವಾಂಶವನ್ನು ಹಿಡಿತದಲ್ಲಿಡಬಹುದು. ಮಂಗಳೂರು, ಉಡುಪಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಕಪಾಟಿನಲ್ಲಿಟ್ಟ ಫೋಟೊ ಒಂದೇ ಋತುವಿನಲ್ಲಿ ಬೂಷ್ಟು ಹಿಡಿಯುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೆ ಚಿಕ್ಕ ಹೈಗ್ರೊಮೀಟರ್, ಹತ್ತು ಲೀಟರ್ ಡಬ್ಬಕ್ಕೆ 100 ಗ್ರಾಂ ಸಿಲಿಕಾ ಜೆಲ್‌ನಿಂದ ಶುರು ಮಾಡಿ, ಮುಳ್ಳು ನೋಡಿ ಹೆಚ್ಚು ಕಡಿಮೆ ಮಾಡಿ. ನೀಲಿ ಜೆಲ್ಲಿನ ಬಣ್ಣ ಕೋಬಾಲ್ಟ್ ವಿಷದ್ದು, ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ. ಬಣ್ಣ ತಿರುಗಿದಾಗ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ಶೇ. 30ಕ್ಕಿಂತ ಕೆಳಗೆ ಒಣಗಿಸಬೇಡಿ, ಫೋಟೊದ ಜೆಲಾಟಿನ್ ಪದರ ಸುರುಳಿ ಬಿರುಕು ಬಿಡುತ್ತದೆ.

ಕವಚ ಪಾಲಿಯೆಸ್ಟರಿನದು, ಮೈಲಾರ್ ಅಥವಾ ಮೆಲಿನೆಕ್ಸ್, ಇರಲಿ. ಸ್ಟೇಶನರಿ ಅಂಗಡಿಯ ಪಿವಿಸಿ ಕವಚ ಕಾಲಕ್ರಮದಲ್ಲಿ ಅಂಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಪೆನ್ಸಿಲ್ ಸಹಿಯನ್ನು ಮಾತ್ರ ಪಾಲಿಯೆಸ್ಟರಿನಲ್ಲಿ ಇಡಬೇಡಿ. ಅದರ ಸ್ಥಿರ ವಿದ್ಯುತ್ ಗ್ರಾಫೈಟ್ ಕಣಗಳನ್ನು ಎತ್ತುತ್ತದೆ. ಅದಕ್ಕೆ ಆಮ್ಲರಹಿತ ಕಾಗದದ ಮಡಿಕೆ ಸಾಕು. ಲ್ಯಾಮಿನೇಶನ್, ಸೆಲ್ಲೊಟೇಪು, ಗೋಂದು ಮುಟ್ಟಬೇಡಿ. ಹಳೆಯ ಸ್ಕ್ರ್ಯಾಪ್‌ಬುಕ್ಕಿಗೆ ಅಂಟಿಸಿದ ಫೋಟೊ ಬಂದರೆ ಹಬೆ ಹಿಡಿದು ಬಿಡಿಸುವ ಯೋಚನೆ ಬೇಡ, ಫೌಂಟನ್ ಪೆನ್ನಿನ ಶಾಯಿ ಹಬೆಗೇ ಹರಿಯುತ್ತದೆ. ಸುತ್ತಲಿನ ಹಾಳೆಯನ್ನು ಕತ್ತರಿಸಿ ಹಾಗೇ ಇಡಿ, ಅಥವಾ ಕಾಗದ ಸಂರಕ್ಷಕರಿಗೆ ಕೊಡಿ.

ಸಹಿಯಿರುವ 78 ರೆಕಾರ್ಡನ್ನು ನೇರ ನಿಲ್ಲಿಸಿ ಇಡಬೇಕು, ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಸೀಳುತ್ತದೆ. 78 ರೆಕಾರ್ಡು ಅರಗಿನದು; ಸ್ಪಿರಿಟ್ಟು, ಸ್ಯಾನಿಟೈಸರ್ ಹಾಕಿ ಒರೆಸಿದರೆ ಅರಗೇ ಕರಗಿಹೋಗುತ್ತದೆ. ಲೇಬಲ್ಲಿಗೆ ನೀರೂ ಬೇಡ. ಒಣ ಮೃದು ಕುಂಚದಿಂದ ಧೂಳು ತೆಗೆದರೆ ಸಾಕು.

ಗೋಡೆಗೆ ಬೇಕಿದ್ದರೆ 600 ಡಿಪಿಐ ಸ್ಕ್ಯಾನ್‌ನಿಂದ ಮುದ್ರಿಸಿದ ಪ್ರತಿಯನ್ನು ಕಟ್ಟು ಹಾಕಿಸಿ. ಅಸಲಿಯನ್ನೇ ತೂಗುಹಾಕುವುದಾದರೆ ಅಲ್ಟ್ರಾವಯೊಲೆಟ್ ತಡೆವ ಗಾಜು, ಬಿಸಿಲು ಬೀಳದ ಗೋಡೆ, ಗಾಜಿಗೂ ಫೋಟೊಗೂ ನಡುವೆ ಮೌಂಟಿನ ಅಂತರ ಬೇಕು. ತೇವದಲ್ಲಿ ಜೆಲಾಟಿನ್ ಗಾಜಿಗೆ ಅಂಟಿಕೊಂಡರೆ ಬಿಡಿಸಲಾಗದು. ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಟ್ಟು, ಒಂದು ಪುಟ ತೆರೆದು, ಕೊಂಡ ದಿನ, ಬೆಲೆ, ರಸೀದಿ, ಮಾರಿದವರು ಹೇಳಿದ ಮೂಲ, ನೀವು ತಾಳೆ ನೋಡಿದ ತಾರೀಕುಗಳು, ಅನುಮಾನ ಉಳಿದಿದ್ದರೆ ಅದನ್ನೂ ಬರೆಯಿರಿ. ಆ ಸಂಖ್ಯೆಯನ್ನು ಹಾಕಬೇಕಾದದ್ದು ಕವಚದ ಮೇಲೆ, ವಸ್ತುವನ್ನು ಒಳಗಿಡುವ ಮೊದಲು.